ಮೂರು ಮನೆಯ ಬೆಕ್ಕಿನ ತುರಿಕೆ

ನಮ್ಮ ಮನೆಯಲ್ಲಿ ಚಿಗಟವಿದೆ ಎಂದು ಒಪ್ಪಿಕೊಳ್ಳಲು ನನಗೆ ಎರಡು ತಿಂಗಳು ಹಿಡಿಯಿತು. ಸಕ್ಕರೆ ಕಾಯಿಲೆಯಾದರೆ ಜನ ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿಕೊಳ್ಳುತ್ತಾರೆ. ಮಗ ಫೇಲಾದದ್ದನ್ನೂ ನಾಲ್ಕು ದಿನ ಬಿಟ್ಟು ಬಾಯಿಬಿಡುತ್ತಾರೆ. ಆದರೆ ಚಿಗಟ! ಅದರಲ್ಲೂ ಇಪ್ಪತ್ತೆರಡು ವರ್ಷ ಹಲಸೂರಿನ ಶಾಲೆಯೊಂದರಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಉಗುರು ನೋಡಿ, ತಲೆ ನೋಡಿ, ಶುಚಿತ್ವದ ಬಗ್ಗೆ ಪ್ರಬಂಧ ಬರೆಸುತ್ತಾ ಬಂದ ಟೀಚರಮ್ಮನ ಮನೆಯಲ್ಲಿ!

ಜೋಗುಪಾಳ್ಯದ ನಮ್ಮ ವಠಾರದಲ್ಲಿ ಮೂರು ಮನೆ, ಒಂದು ಅಂಗಳ, ಒಂದು ಬೆಕ್ಕು. ಬೆಳಿಗ್ಗೆ ಅದು ನಮ್ಮಲ್ಲಿ ಮೊಸರನ್ನ ತಿಂದು ಗೌರಿಯಾಗಿರುತ್ತದೆ. ಮಧ್ಯಾಹ್ನ ಎದುರುಮನೆಯ ಸೆಲ್ವಿ ಅಕ್ಕನ ಹತ್ತಿರ ಮೀನಿನ ತಲೆ ತಿಂದು ಕಣ್ಣಮ್ಮನಾಗುತ್ತದೆ. ಸಂಜೆ ಪಕ್ಕದ ಮನೆಯ ನಸೀಮಾ ಅವರ ದಿವಾನದ ಮೇಲೆ ಮೈಚಾಚಿ ರಾಣಿಯಾಗುತ್ತದೆ. ಬೆಕ್ಕು ಮೈತುಂಬಿಕೊಂಡು ಹೊಳೆಯುತ್ತಿದ್ದಷ್ಟು ಕಾಲ ಮೂವರೂ "ನಮ್ಮ ಬೆಕ್ಕು" ಎನ್ನುತ್ತಿದ್ದೆವು. ಅದು ತುರಿಸಿಕೊಳ್ಳಲು ಶುರುಮಾಡಿದ ದಿನದಿಂದ ಮೂವರ ಬಾಯಲ್ಲೂ "ನಿಮ್ಮ ಬೆಕ್ಕು" ಆಗಿಬಿಟ್ಟಿತು.

ಅದೇನು ತುರಿಸಿಕೊಳ್ಳುವುದು ಅಂತೀರಿ! ತಿನ್ನುತ್ತಿದ್ದದ್ದನ್ನು ಅರ್ಧಕ್ಕೆ ಬಿಟ್ಟು, ಕೂತಲ್ಲಿಯೇ ಹಿಂಗಾಲೆತ್ತಿ ಕತ್ತಿಗೆ ಬಾರಿಸುವುದು. ಕಾಲು ನೆಲಕ್ಕೆ ಬಡಿದು ಟಪಟಪ ಎನ್ನುವ ಸದ್ದು ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿಯಿತು. ಬಾಲದ ಬುಡದಲ್ಲಿ ಕೂದಲು ಉದುರಿ ಗುಲಾಬಿ ಚರ್ಮ ಕಾಣತೊಡಗಿತು. ಕತ್ತಿನಲ್ಲಿ ರವೆಯಂತೆ ಸಣ್ಣ ಸಣ್ಣ ಗುಳ್ಳೆಗಳು, ಅವು ಒಡೆದು ಗಾಯ, ಗಾಯದ ಮೇಲೆ ಮತ್ತೆ ಉಗುರು.

ಕಾರಣ ಹುಡುಕುವ ಕೆಲಸ ಮಾತ್ರ ಭರದಿಂದ ನಡೆಯಿತು. "ನಿಮ್ಮ ಮೀನು ಉಷ್ಣ ಸೆಲ್ವಿ ಅಕ್ಕ, ಅದಕ್ಕೇ ಹೀಗಾಗಿರೋದು" ಎಂದೆ ನಾನು.

"ಅಯ್ಯೋ ಟೀಚರಮ್ಮ, ಮೀನು ತಿನ್ನದೆ ಬೆಕ್ಕು ಇನ್ನೇನ್ ತಿನ್ನುತ್ತೆ? ನಿಮ್ ಮೊಸರನ್ನ ತಿಂದೇ ಅದುಕ್ಕೆ ಈ ಗತಿ" ಎಂದಳು ಅವಳು.

ನಸೀಮಾ ಇಬ್ಬರನ್ನೂ ನೋಡಿ ತಲೆಯಾಡಿಸಿದರು. "ನಜರ್ ಆಗಿದೆ ಟೀಚರ್. ಅಷ್ಟು ಚೆನ್ನಾಗಿತ್ತಲ್ಲ, ಯಾರದೋ ಕಣ್ಣು ಬಿದ್ದಿದೆ" ಎಂದು ಅದರ ಕಾಲಿಗೆ ಕಪ್ಪು ದಾರ ಕಟ್ಟಿದರು. ಬೆಕ್ಕು ಹತ್ತು ನಿಮಿಷದಲ್ಲಿ ದಾರ ಕಡಿದು ಮತ್ತೆ ಕತ್ತು ತುರಿಸಿಕೊಂಡಿತು.

ಸೆಲ್ವಿ ಅಕ್ಕ ಅರಿಶಿನ ಹಚ್ಚಿದಳು. ನಾನು ಬೇವಿನೆಣ್ಣೆ ಸವರಿದೆ. ಅದು ಎರಡನ್ನೂ ಸೇರಿಸಿ ನೆಕ್ಕಿ ನನ್ನ ಕಾಲೊರಸಿನ ಮೇಲೆ ವಾಂತಿ ಮಾಡಿತು. ಇಷ್ಟೆಲ್ಲ ಆದರೂ ಚಿಗಟ ಎಂಬ ಮೂರಕ್ಷರ ಒಬ್ಬರ ಬಾಯಿಂದಲೂ ಹೊರಬೀಳಲಿಲ್ಲ ನೋಡಿ. ಸೊಳ್ಳೆ ಕಚ್ಚಿದರೆ ಬೈಸಿಕೊಳ್ಳುವುದು ಕಾರ್ಪೊರೇಷನ್. ಚಿಗಟ ಕಚ್ಚಿದರೆ ಬೈಸಿಕೊಳ್ಳುವುದು ಮನೆಯ ಹೆಂಗಸು. ಹಿಂದಿನ ಕಾಲದಲ್ಲಿ ಅರಮನೆಯ ಹಂಸತೂಲಿಕಾತಲ್ಪದಲ್ಲೂ ಅದು ಇದ್ದಿರಲೇಬೇಕು. ರಾಣಿಯರೂ ರೇಷ್ಮೆಯೊಳಗೆ ಕೈಹಾಕಿ ಕೆರೆದುಕೊಂಡಿರಬೇಕು. ಆದರೆ ಯಾವ ಶಾಸನದಲ್ಲಾದರೂ ಅದರ ಉಲ್ಲೇಖವಿದೆಯೇ? ಆನೆ ಕುದುರೆಗಳ ಲೆಕ್ಕ ಕಲ್ಲಿನಲ್ಲಿ ಕೆತ್ತಿಸಿದವರು ಇದೊಂದನ್ನು ಮಾತ್ರ ಜಾಣತನದಿಂದ ನುಂಗಿಕೊಂಡಿದ್ದಾರೆ. ಬೆಕ್ಕಿಗೆ ಗಂಟೆ ಕಟ್ಟುವವರಾರು ಎಂದು ಇಲಿಗಳು ಸಭೆ ಸೇರಿದ ಕಥೆಯನ್ನು ನಾನೇ ಎಷ್ಟೋ ಸಲ ಪಾಠ ಮಾಡಿದ್ದೇನೆ. ಇಲಿಗಳಾದರೂ ಸಭೆ ಸೇರಿದವು. ನಾವು ಅಷ್ಟೂ ಮಾಡಲಿಲ್ಲ.

ಒಂದು ಶುಕ್ರವಾರ ಅದರ ಕತ್ತಿನ ಗಾಯದಿಂದ ರಕ್ತ ಬಂದು ನನ್ನ ಸೀರೆಗೆ ಮೆತ್ತಿಕೊಂಡಿತು. ಇನ್ನು ತಡೆಯಲಾಗಲಿಲ್ಲ. ಬಟ್ಟೆ ಹಾಕುವ ಬುಟ್ಟಿಯಲ್ಲಿ ಅದನ್ನು ತುರುಕಿ, ಮೇಲೆ ದುಪಟ್ಟಾ ಬಿಗಿದು, ಆಟೋ ಹತ್ತಿ ದನದ ಡಾಕ್ಟರ ಬಳಿ ಹೋದೆ. ಅವರು ದನ ಕಂಡು ಎಷ್ಟು ವರ್ಷವಾಗಿತ್ತೋ, ನಮ್ಮ ಕಡೆ ಇಂದಿಗೂ ಹಾಗೆಯೇ ಕರೆಯುವುದು.

"ಚಿಗಟ ಇದೆಯಾ ಮನೇಲಿ?" ಅವರು ಕೇಳಿದ ಮೊದಲ ಪ್ರಶ್ನೆಯೇ ಅದು.

"ಛೆ ಛೆ! ನಾನು ದಿನಾ ಫಿನಾಯಿಲ್ ಹಾಕಿ ಒರೆಸ್ತೀನಿ" ಎಂದೆ.

ಅವರು ಸಣ್ಣ ಹಲ್ಲಿನ ಬಾಚಣಿಗೆಯಿಂದ ಬೆಕ್ಕಿನ ಬೆನ್ನು ಬಾಚಿದರು. ಮೆಣಸಿನ ಪುಡಿಯಂಥ ಕಪ್ಪು ಚೂರು ಉದುರಿತು. ಅದನ್ನು ಒದ್ದೆ ಹತ್ತಿಯ ಮೇಲೆ ಒತ್ತಿದರು. ಚೂರಿನ ಸುತ್ತ ಕೆಂಪು ಹರಡಿತು. "ಚಿಗಟದ ಹಿಕ್ಕೆ ಅಮ್ಮ. ಕೆಂಪಾಗಿರೋದು ಇದರದ್ದೇ ರಕ್ತ. ಹುಳ ನಿಮಗೆ ಕಾಣಲ್ಲ, ಬೆಕ್ಕೇ ನೆಕ್ಕಿ ನೆಕ್ಕಿ ನುಂಗಿಬಿಡುತ್ತೆ. ಚಿಗಟದ ಜೊಲ್ಲು ಇದಕ್ಕೆ ಅಲರ್ಜಿ. ಒಂದು ಕಚ್ಚಿದ್ರೂ ಸಾಕು, ವಾರಗಟ್ಟಲೆ ತುರಿಸುತ್ತೆ."

ಉಗುರು ನೋಡಿಸಿಕೊಳ್ಳಲು ನಿಂತ ಮಗುವಿನ ಹಾಗೆ ನಿಂತಿದ್ದೆ. ತುರಿಕೆಗೆ ಇಂಜೆಕ್ಷನ್ ಕೊಟ್ಟು, ಕತ್ತಿನ ಹಿಂದೆ ನೆಕ್ಕಲಾಗದ ಜಾಗದಲ್ಲಿ ಔಷಧಿ ಬಿಟ್ಟರು. "ನಾಯಿ ಔಷಧಿ ಹಾಕಿದ್ರಾ ಏನಾದ್ರೂ?" ಎಂದು ಗದರಿದರು. ಹಾಕಿರಲಿಲ್ಲ, ಆದರೆ ಅಂಗಡಿಯಲ್ಲಿ ಬೆಲೆ ಕೇಳಿ ಬಂದಿದ್ದೆ. ನಾಯಿಯ ಕೆಲವು ಔಷಧಿ ಹಾಕಿದರೆ ಬೆಕ್ಕು ಸತ್ತೇ ಹೋಗಬಹುದಂತೆ. ಆಮೇಲೆ ಹೇಳಿದರು, "ಇದು ಎಲ್ಲೆಲ್ಲಿ ಮಲಗುತ್ತೋ ಅಲ್ಲೆಲ್ಲ ಹಾಸಿಗೆ, ದಿಂಬು, ಚಾಪೆ ಒಂದೇ ದಿನ ಬಿಸಿನೀರಲ್ಲಿ ಒಗೀಬೇಕು. ಒಂದು ಮನೆ ಬಿಟ್ರೂ ಅಷ್ಟೇ, ಮತ್ತೆ ಶುರು."

ಒಗೆಯುವುದು ದೊಡ್ಡದಲ್ಲ. ಆದರೆ ಇಪ್ಪತ್ತು ವರ್ಷದ ನೆರೆಹೊರೆಯವರ ಬಾಗಿಲಲ್ಲಿ ನಿಂತು "ನಿಮ್ಮ ಮನೆಯಲ್ಲಿ ಚಿಗಟವಿದೆ" ಎನ್ನುವುದು ಹೇಗೆ? ಆಟೋದಲ್ಲಿ ದಾರಿಯುದ್ದಕ್ಕೂ ವಾಕ್ಯ ಜೋಡಿಸಿದೆ. ವ್ಯಾಕರಣ ಕಲಿಸಿದವಳಿಗೆ ಒಂದು ವಾಕ್ಯವೂ ಕೂಡಿಬರಲಿಲ್ಲ. ಮಡಿಲಲ್ಲಿದ್ದ ಬುಟ್ಟಿಯೊಳಗೆ ಆ ಬಡಪಾಯಿ ಕೆರೆದುಕೊಳ್ಳುತ್ತಲೇ ಇತ್ತು.

ಅಂಗಳದಲ್ಲಿ ಇಬ್ಬರೂ ಸಿಕ್ಕರು. ಬುಟ್ಟಿ ಕೆಳಗಿಟ್ಟು, ನೆಲ ನೋಡುತ್ತಾ ಹೇಳಿಯೇಬಿಟ್ಟೆ. "ನಮ್ಮನೇಲಿ ಚಿಗಟ ಆಗಿದೆ ಕಣ್ರೀ."

ಯಾರೂ ಮೂಗು ಮುಚ್ಚಿಕೊಳ್ಳಲಿಲ್ಲ. ಸೆಲ್ವಿ ಅಕ್ಕ ನಸೀಮಾ ಮುಖ ನೋಡಿದಳು, ನಸೀಮಾ ಸೆಲ್ವಿ ಅಕ್ಕನ ಮುಖ ನೋಡಿದರು.

"ನಮ್ಮನೇಲೂ ಐತೆ ಟೀಚರಮ್ಮ" ಎಂದಳು ಸೆಲ್ವಿ ಅಕ್ಕ. "ಒಂದ್ ತಿಂಗಳಾಯ್ತು. ಚಾಪೆ ಕೆಳಗೆ ಬೇವಿನ ಸೊಪ್ಪು ಇಟ್ಕೊಂಡು ಮಲಗ್ತಾ ಇದೀನಿ. ನಿಮ್ಗೆ ಗೊತ್ತಾದ್ರೆ ಏನಂದ್ಕೋತೀರೋ ಅಂತ..."

"ಮೈ ಭೀ, ನಮ್ಮಲ್ಲೂ ಇದೆ" ಎಂದರು ನಸೀಮಾ, ತೀರಾ ಸಣ್ಣ ದನಿಯಲ್ಲಿ. "ನೀವು ಸ್ಕೂಲಿಗೆ ಹೋದಮೇಲೆ ದಿವಾನದ ಚಾದರ ಒಗೀತಿದ್ದೆ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೂರು ಮನೆಯ ಮಾನವನ್ನು ಎರಡು ತಿಂಗಳು ಆ ಮೂಕಪ್ರಾಣಿ ತನ್ನ ಕತ್ತಿನ ಮೇಲೆ ಹೊತ್ತಿತ್ತು. ನಾಚಿಕೆಯಾಗಬೇಕಾದದ್ದು ಚಿಗಟಕ್ಕಲ್ಲ, ಇದಕ್ಕೆ.

ಭಾನುವಾರ ಅಂಗಳದಲ್ಲಿ ಹಂಡೆ ಇಟ್ಟು ನೀರು ಕಾಯಿಸಿದೆವು. ಮೂರು ಮನೆಯ ಹೊದಿಕೆ, ಚಾಪೆ, ಪರದೆ, ನನ್ನ ಕಾಲೊರಸು, ಒಂದನ್ನೂ ಬಿಡಲಿಲ್ಲ. ಒಣಹಾಕಿ ಸುಸ್ತಾಗಿ ಜಗಲಿಯ ಮೇಲೆ ಕೂತೆವು. ಸೆಲ್ವಿ ಅಕ್ಕ ಆಚೀಚೆ ನೋಡದೆ ಸೀರೆಯನ್ನು ನಾಲ್ಕು ಬೆರಳು ಮೇಲೆತ್ತಿ ಕಾಲಿನ ಗಿಣ್ಣು ಪರಪರ ಕೆರೆದುಕೊಂಡಳು. ನಸೀಮಾ ಅವಳನ್ನೇ ನೋಡುತ್ತಾ ತಮ್ಮ ಮೊಣಕೈ ಕೆರೆದುಕೊಂಡರು. ನಾನೂ ಮೀನಖಂಡಕ್ಕೆ ಐದೂ ಬೆರಳು ಹಾಕಿದೆ. ಆಹಾ! ಕದ್ದು ಕೆರೆದುಕೊಳ್ಳುವುದಕ್ಕೂ ನಾಲ್ಕು ಜನರೆದುರು ಕೆರೆದುಕೊಳ್ಳುವುದಕ್ಕೂ ಎಷ್ಟೊಂದು ವ್ಯತ್ಯಾಸ! ಬೆಕ್ಕು ಹಂಡೆಯ ಒಲೆಯ ಪಕ್ಕ ಬೂದಿಯ ಬಿಸಿಗೆ ಮುದುಡಿ ಮಲಗಿತ್ತು. ಒಮ್ಮೆ ಕಣ್ಣು ತೆರೆದು ನಮ್ಮ ಮೂವರನ್ನೂ ನೋಡಿತು, ತಾನು ಮಾತ್ರ ಕೆರೆದುಕೊಳ್ಳದೆ ನಿದ್ದೆಗೆ ಜಾರಿತು.