ಶಿರಸ್ತ್ರಾಣದೊಳಗಿನ ಶ್ರೀಶೈಲಪ್ಪ

ದೇವರ ಹಿಪ್ಪರಗಿಯ ಹಿಟ್ಟಿನ ಗಿರಣಿ ಶ್ರೀಶೈಲಪ್ಪ ಸಿನೆಮಾದಲ್ಲಿ ಪಾತ್ರ ಮಾಡಿದ್ದು ನಿಜ. ನಂಬಿದವನು ಮಾತ್ರ ಅವನೊಬ್ಬನೇ. ವಿಜಾಪುರದಲ್ಲಿ ರಾಜರ ಕತೆಯೊಂದರ ಶೂಟಿಂಗ್ ನಡೆದಾಗ ಅವನನ್ನು ಆಸ್ಥಾನದ ಕಾವಲುಗಾರನಾಗಿ ನಿಲ್ಲಿಸಿದ್ದರು. ಆದರೆ ಪುಣ್ಯಾತ್ಮರು ಮುಖ ಪೂರ್ತಿ ಮುಚ್ಚುವ ತಗಡಿನ ಶಿರಸ್ತ್ರಾಣ ತೊಡಿಸಿಬಿಟ್ಟರು. ತೆರೆಯ ಮೇಲೆ ಸಾಲಾಗಿ ತಗಡಿನ ಕೊಡಗಳು. ಅವುಗಳಲ್ಲಿ ಯಾವುದು ತನ್ನದೆಂದು ತೋರಿಸುವುದು ಹೇಗೆ?

“ಅಂವ ನಾನ ಅದೇನಿ,” ಎಂದರೆ ಹೆಂಡತಿ ಸುಂದರವ್ವ, “ಹೌದ್ರಿ, ರಾಜಾನೂ ನೀವ, ಕುದರೀನೂ ನೀವ. ಮೊದಲ ಜ್ವಾಳ ಬೀಸ್ರಿ,” ಎನ್ನುತ್ತಿದ್ದಳು. ಊರು ನಗಲಿ ಬಿಡಿ, ಕಟ್ಟಿಕೊಂಡವಳೂ ನಂಬದಿದ್ದರೆ ಸಂಕಟವಾಗುವುದಿಲ್ಲವೇ?

ಕೆಲ ವರ್ಷಗಳ ಮೇಲೆ, 2003ರಲ್ಲಿ, ಬಸವನ ಬಾಗೇವಾಡಿಗೆ ಸಿನೆಮಾ ಸೆಟ್ಟು, ವೇಷಭೂಷಣಗಳ ಪ್ರದರ್ಶನ ಬಂತು. ಶ್ರೀಶೈಲಪ್ಪ ಗಿರಣಿಗೆ ಬೀಗ ಜಡಿದು ಹೆಂಡತಿಯನ್ನು ಕರೆದುಕೊಂಡು ಓಡಿದ. ಪ್ಲೈವುಡ್ಡಿನ ಅರಮನೆ ಬಾಗಿಲ ಮುಂದೆ ಬೊಂಬೆಯ ಮೇಲೆ ಅದೇ ಕವಚ, ಅದೇ ಶಿರಸ್ತ್ರಾಣ! ಪ್ರದರ್ಶನ ನೋಡಿಕೊಳ್ಳುತ್ತಿದ್ದ ಅನಿಲ ಚಹಾಕ್ಕೆ ಹೋದದ್ದೇ ತಡ, ಶ್ರೀಶೈಲಪ್ಪ ಬೊಂಬೆಯನ್ನು ಬರಿಮೈ ಮಾಡಿ ಎಲ್ಲವನ್ನೂ ತಾನು ಏರಿಸಿಕೊಂಡ.

“ಈಗ ನೋಡು!”

“ಏನ್ ನೋಡ್ಲಿ? ಮತ್ತ ಮಾರಿನ ಕಾಣವಲ್ದು.”

ತೆಗೆಯಹೋದರೆ ಬರಲೊಲ್ಲದು. ಮೈ ಬೆಳೆದಿತ್ತು, ಕವಚ ಬೆಳೆದಿರಲಿಲ್ಲ; ಅದರ ದಪ್ಪ ಬಟ್ಟೆಯ ಕೊರಳಪಟ್ಟಿಯಲ್ಲಿ ಶಿರಸ್ತ್ರಾಣವೂ ಸಿಕ್ಕಿಕೊಂಡಿತ್ತು. ಅನಿಲ ಓಡಿಬಂದು ಎಳೆದ, ಎಣ್ಣೆ ಹಚ್ಚಿದ, ಕೊನೆಗೆ ಕೈಮುಗಿದ. “ಕಾಕಾ, ಮಂದಿ ಬರಾಕತ್ತೈತಿ. ದರ್ಜಿ ಬರೂತನಕ ಬೊಂಬಿಯಂಗ ಸುಮ್ನ ನಿಂದರ್ರಿ.”

ನಿಂತ. ಮುಳವಾಡದ ಹಿರಿಯನೊಬ್ಬ ಹೊಟ್ಟೆಗೆ ತಟ್ಟಿ, “ಬೊಂಬಿ ಛಲೋ ಮಾಡ್ಯಾರ. ಹೊಟ್ಟಿಗೆ ಮಾತ್ರ ಹುಲ್ಲ ಜಾಸ್ತಿ ತುಂಬ್ಯಾರ,” ಎಂದ. ಶ್ರೀಶೈಲಪ್ಪ ಹಲ್ಲು ಕಚ್ಚಿ ಅದನ್ನೂ ನುಂಗಿದ. ಆದರೆ ಮೀನಖಂಡದಲ್ಲಿ ಎದ್ದ ತುರಿಕೆಯನ್ನು ನುಂಗಲಾಗಲಿಲ್ಲ. ಎಡಗಾಲೆತ್ತಿ ಬಲಗಾಲಿಗೆ ಪರಪರ ತಿಕ್ಕಿಕೊಂಡ.

ಹಿರಿಯ ಹೌಹಾರಿದ. ಸುಂದರವ್ವ ಕಿಟಾರನೆ ಕಿರುಚಿದಳು: “ಅಯ್ಯ! ಆ ಸಿನೆಮಾದಾಗ ರಾಜ ಸಾಯೂ ಮುಂದ ಕಾಲ್ ತಿಕ್ಕೊಂಡಾಂವ ನೀವ ಏನ್ರಿ? ಮಂದೆಲ್ಲಾ ಅಳೂ ಹೊತ್ತಿನ್ಯಾಗ ನಾ ಒಬ್ಬಾಕಿ ಬಿದ್ದ ಬಿದ್ದ ನಕ್ಕಿದ್ನಿ!”

“ಹೂಂ. ಆವತ್ತೂ ತುರಿಸಿತ್ತು,” ಎಂದಿತು ಶಿರಸ್ತ್ರಾಣ. ಮಾನ ಹೋದೀತೆಂದು ಅವನು ಅದೊಂದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಆಮೇಲೆ ಸುಂದರವ್ವನನ್ನು ಹಿಡಿಯುವವರೇ ಇಲ್ಲ. ಬಂದವರಿಗೆಲ್ಲ, “ನಮ್ಮ ಮನಿಯವ್ರು ನೋಡ್ರಿ, ಸಿನೆಮಾದಾಗ ಅದಾರ,” ಎಂದು ಸಾರಿದಳು. ಅನುಮಾನಪಟ್ಟವರ ಮುಂದೆ, “ಏನ್ರಿ, ಒಮ್ಮಿ ತಿಕ್ಕಿ ತೋರಸ್ರಿ,” ಎಂದಳು. ತುರಿಕೆ ಇಲ್ಲದಿದ್ದರೂ ಅವನು ತಿಕ್ಕಿದ. ಸಿನೆಮಾ ನೋಡಿದವರು, “ಹೌದ್ಹೌದು, ಇಂವನ!” ಎಂದು ಚಪ್ಪಾಳೆ ತಟ್ಟಿದರು. ಶ್ರೀಶೈಲಪ್ಪನಿಗೆ ಖುಷಿಯಿಂದ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲು ದಾರಿಯಿರಲಿಲ್ಲ.

ಸಂಜೆ ದರ್ಜಿ ಕತ್ತರಿ ಹಿಡಿದು ಬಂದ. ಸುಂದರವ್ವ ಅಡ್ಡ ನಿಂತಳು.

“ತಡೀರಿ ಅಣ್ಣಾ. ನಮ್ಮೂರ ಮಂದಿ ಬರೂ ಹಿಪ್ಪರಗಿ ಬಸ್ ಇನ್ನೂ ಬಂದಿಲ್ಲ.”