ಮೊಣಕಾಲಪ್ಪನ ತೂಬು

ಕೆರೆಯ ತೂಬು ಎತ್ತಿ ಇಳಿಸುವ ನೀರುಗಂಟಿಗೆ ನಾವಿಟ್ಟ ಹೆಸರು ಮೊಣಕಾಲಪ್ಪ. ಮೂವತ್ತು ವರ್ಷ ಅದೇ ಕೆಲಸ. ಅಳತೆಗೋಲನ್ನು ನಂಬುತ್ತಿರಲಿಲ್ಲ. ಪ್ಯಾಂಟು ಮಡಚಿ ನೀರಿಗಿಳಿಯುತ್ತಿದ್ದ. ನೀರು ಮೀನಖಂಡ ಮುಟ್ಟಬೇಕು, ಮೊಣಕಾಲು ಮುಟ್ಟಬಾರದು, ಕೊಕ್ಕರೆಗೆ ಅಷ್ಟೇ ಬೇಕು ಅನ್ನುತ್ತಿದ್ದ. ಬಣ್ಣದ ಕೊಕ್ಕರೆ ಈಜುವ ಹಕ್ಕಿಯಲ್ಲ. ನಿಂತು, ಕೊಕ್ಕು ಅರೆತೆರೆದು, ನೀರು ಕಲಕಿ ಮೀನು ಹಿಡಿಯುವಂಥದ್ದು. ಗೂಡುಗಳಲ್ಲಿ ಮರಿಯಾಗುವ ಹೊತ್ತಿಗೆ ಅವನು ಕೆರೆಯನ್ನು ದಿನಕ್ಕಿಷ್ಟು ಇಳಿಸುತ್ತಿದ್ದ.

ಕಟ್ಟಡದವರು ಕೆರೆಗೆ ಮಣ್ಣು ಸುರಿಯಲು ಬಂದಾಗ ನಾವು ಊರವರು ಸಮಿತಿ ಕಟ್ಟಿಕೊಂಡು ಬೀದಿಗಿಳಿದೆವು. ಲಾಠಿ ತಿಂದೆವು, ಗೆದ್ದೆವು. ಕೆರೆ ವರ್ಷವಿಡೀ ತುಂಬಿರಬೇಕು, ಹನಿ ನೀರೂ ಹೊರಹೋಗಬಾರದು ಎಂಬುದು ನಮ್ಮ ಮೊದಲ ಬೇಡಿಕೆ. ದಡದ ಫಲಕದ ಮೇಲೆ ಕೊಕ್ಕರೆಯ ಚಿತ್ರ ಬರೆಸಿದವರೂ ನಾವೇ. ಅದರ ಕಾಲು ಎಷ್ಟುದ್ದ ಅಂತ ಯಾರೂ ಕೇಳಲಿಲ್ಲ. ಹೇಳಬಲ್ಲವನೊಬ್ಬನಿದ್ದ, ಅವನನ್ನು ಸಭೆಗೆ ಕರೆದದ್ದು ಕುರ್ಚಿ ಹೊರಲು.

ಕೆರೆ ತುಂಬಿತು. ಫೋಟೋ ತೆಗೆಸಿಕೊಂಡೆವು. ಎದೆಮಟ್ಟದ ನೀರಲ್ಲಿ ಕೊಕ್ಕರೆಗೆ ಕಾಲೂರಲು ಜಾಗವಿಲ್ಲ. ಮರಿಗಳು ಬಾಯಿ ಬಿಟ್ಟುಕೊಂಡು ಕೂತವು, ಆಮೇಲೆ ಒಂದೊಂದೇ ಉದುರಿದವು. ಮೊಣಕಾಲಪ್ಪ ಕಚೇರಿಗೆ ಮೂರು ದಿನ ಅಲೆದ. ಮೇಲಿನ ಆದೇಶ ಅಂದರು. ನಮ್ಮ ಸಮಿತಿಯ ಕಾರ್ಯದರ್ಶಿಯ ಬಳಿ ಬಂದ. ನೀರು ಇಳಿಸಿದರೆ ಕಟ್ಟಡದವರಿಗೆ ಒಣನೆಲ ಕೊಟ್ಟ ಹಾಗೆ, ಯಾರ ಕಡೆಯವನು ನೀನು ಎಂದು ಕೇಳಿ ಕಾರ್ಯದರ್ಶಿ ಅವನನ್ನು ವಾಪಸು ಕಳಿಸಿದ.

ಮರುದಿನ ಮೊಣಕಾಲಪ್ಪ ಹಾಡಹಗಲೇ ತೂಬು ಎತ್ತಿದ. ಕದ್ದು ಮಾಡುವುದು ಅವನಿಗೆ ಬಾರದು. ನೀರುಗಳ್ಳ ಅಂತ ದೂರು ಹೋಯಿತು. ಕೆಳಗೆ ಹದಿನೇಳು ಸಹಿ, ಹನ್ನೊಂದನೆಯದು ನನ್ನದು. ಸಂಜೆಯೊಳಗೆ ತೂಬಿಗೆ ಬೆಸುಗೆ ಬಿತ್ತು. ಅವನ ಕೆಲಸ ಹೋಯಿತು.

ವಾರ ಬಿಟ್ಟು ಅವನ ಮನೆಗೆ ಹೋದೆ. ಅವನ ಹೆಂಡತಿ ಬಟ್ಟೆ ಹಿಂಡುತ್ತ, ತಲೆಯೆತ್ತದೆ, "ನೋಡಪ್ಪ, ಹಕ್ಕಿ ಬಾಯಿಗೆ ಮೀನು ಹಾಕೋಕೆ ಹೋಗಿ ನಮ್ಮ ಬಾಯಿಗೆ ಮಣ್ಣು ಹಾಕಿದ್ರು," ಅಂದಳು. ನಾನು ಸಹಿಯ ವಿಷಯ ಬಾಯಿಬಿಟ್ಟೆ.

"ಗೊತ್ತು," ಅಂದ ಮೊಣಕಾಲಪ್ಪ. "ಓದಿ ಹಾಕಿದ್ಯಾ?"

"ಇಲ್ಲಣ್ಣ."

"ಅದೇ ಮತ್ತೆ. ಕೆರೆಗಿಳೀದೇ ಬೇಡಿಕೆ ಬರೆದೋರಲ್ವಾ ನೀವು."

ಈಗ ಕೆರೆ ತುಳುಕುತ್ತಿದೆ. ದೋಣಿಗಳು ಬಂದಿವೆ. ಗೂಡುಗಳ ಕಡ್ಡಿಯೂ ಉಳಿದಿಲ್ಲ. ಹೊಟ್ಟೆಪಾಡಿಗೆ ಮೊಣಕಾಲಪ್ಪ ಅಲ್ಲೇ ದೋಣಿಯ ಟಿಕೆಟ್ ಹರಿಯುತ್ತಾನೆ. ಕೊಕ್ಕರೆ ಎಲ್ಲಿ ಅಂತ ಕೇಳಿದವರಿಗೆ ನಮ್ಮ ಫಲಕ ತೋರಿಸುತ್ತಾನೆ.