ಎತ್ತಬೇಡಿ, ದಾಟಿ ಹೋಗಿ

ನಮ್ಮ ಚಿಕ್ಕಪ್ಪ ಸಿನಿಮಾದಲ್ಲಿ ಮೇಕಪ್ ಕೆಲಸದವನು. ಇಪ್ಪತ್ತು ವರ್ಷ ನಾಯಕಿಯರ ಮೊಡವೆ ಮುಚ್ಚಿ ಮುಚ್ಚಿ ಬೇಸತ್ತಿದ್ದವನಿಗೆ ಕೊನೆಗೊಂದು ಜೋಂಬಿ ಸಿನಿಮಾ ಸಿಕ್ಕಿತು. ಸತ್ತವರು ಎದ್ದು ಬಂದು ಬದುಕಿದವರನ್ನು ತಿನ್ನುವ ಕಥೆ. ಅವನನ್ನು ಹಿಡಿಯುವವರೇ ಇರಲಿಲ್ಲ. ಟಿಶ್ಯೂ ಕಾಗದಕ್ಕೆ ಅಂಟು ಹಚ್ಚಿ ಕೆನ್ನೆಗೆ ಮೆತ್ತುವುದು, ಒಣಗಿದ ಮೇಲೆ ಉಗುರಿನಿಂದ ಹರಿದು ಸಂದಿಗೆ ಕೆಂಪು ತುಂಬುವುದು. ಪ್ರಯೋಗವೆಲ್ಲ ನಮ್ಮ ಮೇಲೆಯೇ. ಅಮ್ಮ ಒಂದು ದಿನ ಮರೆತು ಕೊಳೆತ ಕೆನ್ನೆಯಲ್ಲೇ ಅಂಗಡಿಗೆ ಹೋಗಿ ರಾದ್ಧಾಂತವಾಗಿತ್ತು.

ಜೋಂಬಿಗಳ ಗುಂಪಿಗೆ ಇನ್ನೂರು ಜನ ಬೇಕಿತ್ತು. ಹೊಲಿಗೆ ಅಂಗಡಿ ಮುಚ್ಚಿ ಮನೆಯಲ್ಲಿ ಕೂತಿದ್ದ ಅಪ್ಪನನ್ನೂ ಕರೆದ.

"ಅಣ್ಣ, ಸುಮ್ನೆ ಕೂತು ಏನ್ ಮಾಡ್ತೀಯ? ಬಾ, ಹೆಣ ಮಾಡ್ತೀನಿ."

"ನಿಮ್ಮ ಅತ್ತಿಗೆ ಆಗ್ಲೇ ಮಾಡಿದಾಳಲ್ಲೋ," ಎಂದು ಅಪ್ಪ ನಗುತ್ತಾ ಹೊರಟ.

ಗುಂಪಿಗೆ ನಡಿಗೆ ಕಲಿಸಿದವನೂ ಚಿಕ್ಕಪ್ಪನೇ. ಕಾಲೆಳೆಯಿರಿ, ಕಣ್ಣು ಮಿಟುಕಿಸಬೇಡಿ ಎಂದೆಲ್ಲ ಹೇಳಿ, ಕೊನೆಗೆ ಒಂದು ಮಾತು ಸೇರಿಸಿದ: "ಯಾರಾದ್ರೂ ಬಿದ್ರೆ ಎತ್ಬೇಡಿ. ದಾಟ್ಕೊಂಡು ಹೋಗ್ತಾ ಇರಿ. ಹೆಣಕ್ಕೆಲ್ಲಿ ಕನಿಕರ?"

ಶೂಟಿಂಗಿನಲ್ಲಿ ಮೂರನೆಯ ಸಲ ನಡೆದಾಗ ಅಪ್ಪ ಎದೆ ಹಿಡಿದುಕೊಂಡು ಬಿದ್ದ. ಕೈ ಮೇಲೆತ್ತಿದ. ಮಿಕ್ಕವರು ಹೇಳಿಕೊಟ್ಟ ಹಾಗೆಯೇ ದಾಟಿದರು, ಒಂದಿಬ್ಬರು ತುಳಿದರು. ಕ್ಯಾಮೆರಾ ಪಕ್ಕದಲ್ಲಿದ್ದ ಚಿಕ್ಕಪ್ಪ ನಿರ್ದೇಶಕರ ಕಡೆ ಬಾಗಿ, "ನಮ್ಮಣ್ಣ ಸಾರ್!" ಎಂದನಂತೆ, ಹೆಮ್ಮೆಯಿಂದ. ಮಾತನಾಡಿಸಲು ಬಂದವರಿಗೆಲ್ಲ ಇದನ್ನು ಅವನೇ ಹೇಳಿಕೊಂಡು ಅತ್ತ. ಸ್ವಲ್ಪ ಮೊದಲೇ ತಂದಿದ್ದರೆ ಉಳಿಯುತ್ತಿದ್ದರು ಎಂದಿದ್ದರು ಡಾಕ್ಟರು.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಯಾರನ್ನು ಬೈಯಲಿ? ಅಷ್ಟು ಜನರಲ್ಲಿ ಒಬ್ಬನೂ ಕೆಟ್ಟವನಲ್ಲ. ಎಲ್ಲರೂ ಮನೆಯಲ್ಲಿ ಹೆಂಡತಿ ಮಕ್ಕಳಿರುವವರು, ಹೇಳಿದ ಕೆಲಸ ಚೆನ್ನಾಗಿ ಮಾಡಿದವರು. ನಮ್ಮನ್ನು ಮುಗಿಸಲು ಸತ್ತವರು ಎದ್ದು ಬರಬೇಕಾಗಿಲ್ಲ, ಇಷ್ಟು ಸಾಕು ಅನ್ನಿಸಿತು.

ಚಿಕ್ಕಪ್ಪ ಆಮೇಲೆ ಬ್ರಷ್ಷು ಮುಟ್ಟಲಿಲ್ಲ. ಸಿನಿಮಾ ಬಿಡುಗಡೆಯಾದಾಗ ದಿನಾ ಮಧ್ಯಾಹ್ನ ನಾಪತ್ತೆಯಾಗತೊಡಗಿದ. ಟಾಕೀಸಿನಲ್ಲಿ ಕೂತಿರುತ್ತಾನೆಂದು ಯಾರೋ ಹೇಳಿದರು. "ಹೋಗಿ ಕರ್ಕೊಂಡು ಬಾರೆ, ಅವನಿಗೆ ಹುಚ್ಚು ಹಿಡಿಯುತ್ತೆ," ಎಂದು ಅಮ್ಮ ನನ್ನನ್ನು ಕಳಿಸಿದಳು.

ಟಾಕೀಸು ಅರ್ಧ ತುಂಬಿತ್ತು. ಕತ್ತಲಲ್ಲಿ ಅವನನ್ನು ಹುಡುಕಿ ಪಕ್ಕದಲ್ಲಿ ಕೂತೆ. ಬಾ ಎಂದರೆ ಮಿಸುಕಲಿಲ್ಲ. ಅಷ್ಟರಲ್ಲಿ ಆ ದೃಶ್ಯವೇ ಬಂತು. ಅದನ್ನು ಸಿನಿಮಾದಲ್ಲಿ ಉಳಿಸಿಕೊಂಡಿದ್ದಾರೆಂದು ನಮಗೆ ಗೊತ್ತೇ ಇರಲಿಲ್ಲ. ಪರದೆಯಲ್ಲಿ ನನ್ನಪ್ಪ ಬಿದ್ದ. ಕೈ ಮೇಲೆತ್ತಿದ. ಹಿಂದಿನ ಸಾಲಿನಿಂದ ಶಿಳ್ಳೆ ಬಿತ್ತು. "ಏನ್ ಆಕ್ಟಿಂಗ್ ಗುರು!" ಎಂದ ಒಬ್ಬ.

ಚಿಕ್ಕಪ್ಪ ದಡಬಡ ಎದ್ದ. "ಅಣ್ಣಾ, ಬಂದೆ ತಡಿ!" ಎಂದು ಕೂಗುತ್ತಾ, ಜನರ ಕಾಲು ತುಳಿಯುತ್ತಾ ಪರದೆಯ ಕಡೆ ನುಗ್ಗಿದ. ಎಲ್ಲರೂ ಹೋ ಎಂದು ನಕ್ಕರು. ಎಡವಿ ಬಿದ್ದ, ಏಳಲಾರದೆ ಅಲ್ಲೇ ಬಿಕ್ಕಿದ. ಇಬ್ಬರು ಮೊಬೈಲು ಹಿಡಿದು ನಿಂತರು.

ನಾನು ಓಡಬೇಕಿತ್ತು. ನನ್ನ ಕಡೆ ತಿರುಗಿದ ಪಕ್ಕದ ಹೆಂಗಸು, "ನಿಮ್ಮವರಾ?" ಎಂದು ಕೇಳಿದಳು.

"ಅಲ್ಲ," ಎಂದೆ.